ಓದುಗರ ಪ್ರಶ್ನೆ: ದೇಶದ ವಾಹನಗಳ ಹೊಗೆಗೆ ಲೆಕ್ಕವಿಡುವುದು ಹೇಗೆ?

ಪ್ರಶ್ನೆ: ಒಂದು ದೇಶದ ಅಷ್ಟೂ ವಾಹನಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಅಳೆಯುವುದು ಹೇಗೆ? ಇನ್ನು 20 ವರ್ಷದ ಲೆಕ್ಕವನ್ನು ಈಗಲೇ ಹೇಳುವ ಮಾದರಿಗಳನ್ನು ನಂಬಬಹುದೇ?

ಉತ್ತರ: ಹೊಗೆಕೊಳವೆಗಳಿಗೆ ಮಾಪಕ ಕಟ್ಟಬೇಕಾಗಿಲ್ಲ, ಸುಟ್ಟ ಇಂಧನದ ಲೆಕ್ಕ ಸಿಕ್ಕರೆ ಸಾಕು. ಮುಕ್ಕಾಲು ಕಿಲೋ ತೂಗುವ ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ (ಹೆಚ್ಚಿನ ತೂಕ ಗಾಳಿಯಿಂದ ಸೇರಿದ ಆಮ್ಲಜನಕದ್ದು). ಡೀಸೆಲ್ಲಿಗೆ ಇದು ಸುಮಾರು 2.7 ಕಿಲೋ. ಆದ್ದರಿಂದ ದೇಶದಲ್ಲಿ ಮಾರಾಟವಾದ ಇಂಧನದಿಂದಲೇ ಒಟ್ಟು ಮೊತ್ತ ತಿಳಿಯುತ್ತದೆ.

ಆದರೆ ಆ ಮೊತ್ತದಲ್ಲಿ ಬಸ್ಸಿನ ಪಾಲೆಷ್ಟು, ಲಾರಿಯದೆಷ್ಟು ಎಂಬುದು ಕಾಣುವುದಿಲ್ಲ. ನೀತಿ ರೂಪಿಸುವವರಿಗೆ ಬೇಕಾದದ್ದು ಅದೇ. ಅದಕ್ಕಾಗಿ ಸಾರಿಗೆ ಮತ್ತು ಶಕ್ತಿ ಬಳಕೆಯ ಸಂಶೋಧಕ ಲೀ ಶಿಪ್ಪರ್ ಮತ್ತು ಸಂಗಡಿಗರು ನಾಲ್ಕು ಅಂಶಗಳ ಗುಣಾಕಾರವೊಂದನ್ನು ಮುಂದಿಟ್ಟರು: ಜನ ಮತ್ತು ಸರಕಿನ ಒಟ್ಟು ಓಡಾಟ, ಅದರಲ್ಲಿ ಒಂದೊಂದು ಸಾರಿಗೆಯ ಪಾಲು, ಕಿಲೋಮೀಟರಿಗೆ ತಗಲುವ ಶಕ್ತಿ, ಆ ಶಕ್ತಿಯಲ್ಲಿರುವ ಇಂಗಾಲ.

ಇದರಲ್ಲಿ ಎಡವುವುದು ಹೆಚ್ಚಾಗಿ ಮೊದಲ ಅಂಶದಲ್ಲೇ. 10 ಲಕ್ಷ ಪೆಟ್ರೋಲ್ ಕಾರುಗಳಿವೆ, ಒಂದೊಂದೂ ವರ್ಷಕ್ಕೆ 10,000 ಕಿಲೋಮೀಟರ್ ಓಡುತ್ತದೆ, ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆ ಎಂದುಕೊಂಡರೆ ಸುಮಾರು 15 ಲಕ್ಷ ಟನ್ ಆಗುತ್ತದೆ. ನಿಜವಾದ ಓಟ 8,000 ಕಿಲೋಮೀಟರ್ ಆಗಿದ್ದರೆ 3 ಲಕ್ಷ ಟನ್ ಕಾಗದದ ಮೇಲಷ್ಟೇ ಹುಟ್ಟಿದ ಹೊಗೆ. ಗುಜರಿ ಸೇರಿದ ಗಾಡಿಗಳ ಹೆಸರು ನೋಂದಣಿ ಪುಸ್ತಕದಲ್ಲಿ ಉಳಿದುಬಿಟ್ಟರೆ ತಪ್ಪು ಇನ್ನಷ್ಟು ಬೆಳೆಯುತ್ತದೆ. ಹೀಗೆ ವಾಹನಗಳ ಎಣಿಕೆಯಿಂದ ಕೂಡಿಸಿದ ಮೊತ್ತವನ್ನು ಇಂಧನ ಮಾರಾಟದ ಲೆಕ್ಕದೊಂದಿಗೆ ತಾಳೆ ನೋಡದ ಮಾದರಿಯನ್ನು ನಾನಂತೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಇನ್ನು 20 ವರ್ಷದ ಮಾತು. ಮಾದರಿ ಹೇಳುವುದು ಭವಿಷ್ಯವನ್ನಲ್ಲ; ಹೀಗೆ ಮಾಡಿದರೆ ಹೀಗಾದೀತು ಎಂಬ ಬೇರೆ ಬೇರೆ ದಾರಿಗಳನ್ನು. ಇಂದು ಮಾರಾಟವಾದ ವಾಹನ ಹತ್ತು ಹದಿನೈದು ವರ್ಷ ರಸ್ತೆಯಲ್ಲಿರುವುದರಿಂದ, ಮೈಲೇಜಿನ ನಿಯಮವನ್ನು ಈ ವರ್ಷ ಬಿಗಿಗೊಳಿಸಿದರೂ ಅದರ ಪೂರ್ಣ ಫಲ ನಿಧಾನವಾಗಿಯೇ ಕೈಸೇರುತ್ತದೆ ಎಂಬುದನ್ನು ಇಂಥ ಮಾದರಿಗಳು ಚೆನ್ನಾಗಿ ತೋರಿಸುತ್ತವೆ.

ಪ್ರಶ್ನೆ: ವಿದ್ಯುತ್ ವಾಹನದ ಹೊಗೆಯನ್ನು ಸೊನ್ನೆ ಎಂದು ಬರೆಯಬಹುದೇ?

ಉತ್ತರ: ಸಾರಿಗೆಯ ಖಾತೆಯಲ್ಲಿ ಬರೆಯಬಹುದು, ದೇಶದ ಖಾತೆಯಲ್ಲಿ ಅಲ್ಲ. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದಿದ್ದರೆ, ತಂತಿಯಲ್ಲಿ ಸೋರಿಹೋದ ಪಾಲನ್ನೂ ಸೇರಿಸಿ, ಅದರ ಇಂಗಾಲವನ್ನು ವಿದ್ಯುತ್ ಸ್ಥಾವರದ ಲೆಕ್ಕದಲ್ಲಿ ಕಾಣಿಸಲೇಬೇಕು.