ತಿದ್ದುವಾಗಲೂ ಫೈಲ್ ಹೆಸರು ಕಾಣುತ್ತಿರಲಿ

ಪ್ರಶ್ನೆ: ನಾನು ಛಾಯಾಚಿತ್ರಗಳನ್ನು ಲೈಟ್‌ರೂಮ್ ಕ್ಲಾಸಿಕ್ ಎಂಬ ತಂತ್ರಾಂಶದಲ್ಲಿ ತಿದ್ದುತ್ತೇನೆ, ಸೂಕ್ಷ್ಮ ಕೆಲಸವಿದ್ದರೆ ಫೋಟೊಶಾಪ್‌ಗೆ ಒಯ್ಯುತ್ತೇನೆ. ಚಿತ್ರ ಬೇಕಾದವರು ತಾವು ಆರಿಸಿದ ಫೈಲ್‌ಗಳ ಸಂಖ್ಯೆಗಳನ್ನು ಪಟ್ಟಿ ಮಾಡಿ ಕಳುಹಿಸುತ್ತಾರೆ. ಲೈಟ್‌ರೂಮ್‌ನಲ್ಲಿ ಚಿತ್ರಗಳನ್ನು ಜೋಡಿಸಿಡುವ ಲೈಬ್ರರಿ ವಿಭಾಗದಲ್ಲಿ ಕಾಣುವ ಹೆಸರು, ತಿದ್ದುವ ವಿಭಾಗವಾದ ಡೆವಲಪ್‌ಗೆ ಹೋದಾಗ ಕಾಣುವುದಿಲ್ಲ. ಒಂದೇ ಭಂಗಿಯ ಚಿತ್ರಗಳು ಸಾಲಾಗಿದ್ದಾಗ, ನಾನು ತಿದ್ದುತ್ತಿರುವುದು ಅವರು ಕೇಳಿದ್ದನ್ನೇ ಹೌದೋ ಅಲ್ಲವೋ ಎಂಬ ಸಂದೇಹ ಕಾಡುತ್ತದೆ. ಹೆಸರು ಸದಾ ಕಾಣುವಂತೆ ಮಾಡಬಹುದೇ? ಹಾಗೆ ಮಾಡಿದರೆ ಅದು ಮುದ್ರಿತ ಚಿತ್ರದ ಮೇಲೂ ಬಂದುಬಿಡುತ್ತದೆಯೇ?

ಉತ್ತರ: ಖಂಡಿತ ಮಾಡಬಹುದು. ಆರಿಸಿದವರಿಗೂ ತಿದ್ದುವವರಿಗೂ ನಡುವೆ ಇರುವ ಒಂದೇ ಖಚಿತ ಗುರುತು ಫೈಲ್ ಹೆಸರಾದ್ದರಿಂದ, ಅದನ್ನು ಮರೆಯಲ್ಲಿಟ್ಟು ಕೆಲಸ ಮಾಡಬಾರದೆಂದೇ ನನ್ನ ಅಭಿಪ್ರಾಯ.

ಡೆವಲಪ್‌ನಲ್ಲಿ ಚಿತ್ರವೊಂದನ್ನು ತೆರೆದು ಕೀಲಿಮಣೆಯ ‘ಐ’ ಅಕ್ಷರವನ್ನು ಒತ್ತಿ. ಚಿತ್ರದ ಎಡ ಮೇಲ್ಮೂಲೆಯಲ್ಲಿ ಮಾಹಿತಿಯ ಸಾಲುಗಳು ಮೂಡುತ್ತವೆ. ಮತ್ತೆ ಒತ್ತಿದರೆ ಎರಡನೆಯ ಬಗೆಯ ಮಾಹಿತಿ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಎಲ್ಲವೂ ಮರೆಯಾಗುತ್ತದೆ. ಏನು ಕಾಣಬೇಕೆಂಬುದನ್ನು ನಿರ್ಧರಿಸಲು ಕಂಟ್ರೋಲ್ ಜೊತೆ (ಮ್ಯಾಕ್‌ನಲ್ಲಿ ಕಮಾಂಡ್ ಜೊತೆ) ‘ಜೆ’ ಒತ್ತಿದರೆ ವ್ಯೂ ಆಪ್ಷನ್ಸ್ ಕಿಟಕಿ ತೆರೆಯುತ್ತದೆ. ಅಲ್ಲಿ ಎರಡೂ ಬಗೆಗಳಿಗೆ ಮೂರು ಮೂರು ಸಾಲುಗಳನ್ನು ನೀವೇ ಆರಿಸಿಕೊಳ್ಳಬಹುದು. ಮೊದಲ ಸಾಲಿಗೆ ‘ಫೈಲ್ ನೇಮ್ ಅಂಡ್ ಕಾಪಿ ನೇಮ್’ ಎಂಬುದನ್ನು ಇಡಿ. ಕೇವಲ ಫೈಲ್ ಹೆಸರನ್ನು ಇಟ್ಟರೆ, ಒಂದೇ ಚಿತ್ರದ ವರ್ಚುವಲ್ ಕಾಪಿ (ಫೈಲನ್ನು ನಕಲಿಸದೆ ಲೈಟ್‌ರೂಮ್‌ನೊಳಗೆ ಮಾಡಿಕೊಂಡ ಇನ್ನೊಂದು ಪ್ರತಿ) ಯಾವುದು, ಮೂಲ ಯಾವುದು ಎಂಬುದು ತಿಳಿಯುವುದಿಲ್ಲ. ಚಿತ್ರ ಬದಲಾದಾಗ ಮಾತ್ರ ಕ್ಷಣಕಾಲ ತೋರಿಸುವ ಆಯ್ಕೆಗೆ ಟಿಕ್ ಬಿದ್ದಿದ್ದರೆ ಅದನ್ನು ತೆಗೆಯಿರಿ. ಹೆಸರು ಕಾಣಿಸಿಕೊಂಡ ಕೂಡಲೇ ಮಾಯವಾಗುವುದಕ್ಕೆ ಎಷ್ಟೋ ಸಲ ಅದೇ ಕಾರಣ.

ಎರಡನೆಯ ಸಾಲಿಗೆ ಚಿತ್ರ ತೆಗೆದ ದಿನಾಂಕ ಮತ್ತು ಸಮಯವಿರಲಿ. ಡಿಜಿಟಲ್ ಕ್ಯಾಮೆರಾಗಳು ಹೆಸರಿನ ಕೊನೆಗೆ ಸಾಮಾನ್ಯವಾಗಿ ನಾಲ್ಕೇ ಅಂಕಿಗಳನ್ನು ಇಡುವುದರಿಂದ, 9999 ಮುಗಿದ ಮೇಲೆ ಎಣಿಕೆ ಮತ್ತೆ 0001ಕ್ಕೆ ಮರಳುತ್ತದೆ. ಎರಡು ಕ್ಯಾಮೆರಾ ಬಳಸಿದರಂತೂ ‘ಡಿಎಸ್‌ಸಿ_0412’ ಎಂಬ ಹೆಸರಿನ ಎರಡು ಬೇರೆ ಬೇರೆ ಚಿತ್ರಗಳು ಒಂದೇ ಕೆಲಸದಲ್ಲಿ ಸೇರಿಕೊಳ್ಳಬಹುದು. ಆಗ ಸಂಖ್ಯೆಯೊಂದನ್ನೇ ನಂಬಿದವರು ಎಡವುತ್ತಾರೆ. ಸಮಯ ಜೊತೆಗಿದ್ದರೆ ಗೊಂದಲವಿಲ್ಲ. ಇದನ್ನು ಬುಡದಲ್ಲೇ ತಪ್ಪಿಸಬೇಕೆಂದಿದ್ದರೆ ಚಿತ್ರಗಳನ್ನು ಇಂಪೋರ್ಟ್ ಮಾಡುವಾಗಲೇ ಹೆಸರಿನ ಮುಂದೆ ದಿನಾಂಕವನ್ನೋ ಕ್ಯಾಮೆರಾದ ಗುರುತನ್ನೋ ಸೇರಿಸಿ, ಆದರೆ ಕೊನೆಯ ಅಂಕಿಗಳನ್ನು ಹಾಗೆಯೇ ಉಳಿಸಿ. ಮುಂದೆ ಎಂದಾದರೂ ಹೆಸರು ಬದಲಿಸಬೇಕಾದರೆ ಲೈಟ್‌ರೂಮ್‌ನ ಒಳಗಿನಿಂದಲೇ ಬದಲಿಸಿ. ಹೊರಗೆ ಫೋಲ್ಡರ್‌ನಲ್ಲಿ ಬದಲಿಸಿದರೆ ಲೈಟ್‌ರೂಮ್‌ಗೆ ಆ ಚಿತ್ರದ ಜಾಡು ತಪ್ಪುತ್ತದೆ.

ನಿಮ್ಮ ಕೈಗೆ ಬರುವ ಪಟ್ಟಿಯ ವಿಷಯದಲ್ಲಿ ಇನ್ನೊಂದು ಅನುಕೂಲವನ್ನು ಹೇಳಲೇಬೇಕು. ಲೈಬ್ರರಿಯಲ್ಲಿ ಆ ಕೆಲಸದ ಫೋಲ್ಡರನ್ನು ಆರಿಸಿಕೊಂಡು ಕಂಟ್ರೋಲ್ ಜೊತೆ ‘ಎಫ್’ ಒತ್ತಿ, ಹುಡುಕುವ ಕ್ಷೇತ್ರವಾಗಿ ‘ಫೈಲ್ ನೇಮ್’ ಅನ್ನೂ ನಿಯಮವಾಗಿ ‘ಕಂಟೇನ್ಸ್’ ಅನ್ನೂ ಆರಿಸಿ, ಪಟ್ಟಿಯ ಸಂಖ್ಯೆಗಳನ್ನೆಲ್ಲ ನಡುವೆ ಜಾಗ ಬಿಟ್ಟು ಒಟ್ಟಿಗೆ ಅಂಟಿಸಿ. ಆ ಚಿತ್ರಗಳಷ್ಟೇ ಉಳಿಯುತ್ತವೆ. ಅವುಗಳನ್ನು ಒಂದು ಕಲೆಕ್ಷನ್‌ಗೆ (ಲೈಟ್‌ರೂಮ್‌ನೊಳಗಿನ ಗುಂಪಿಗೆ) ಸೇರಿಸಿಕೊಂಡು ಡೆವಲಪ್‌ಗೆ ಹೋದರೆ ಕೇಳದ ಚಿತ್ರವನ್ನು ತಿದ್ದುವ ಪ್ರಸಂಗವೇ ಬಾರದು.

ಫೋಟೊಶಾಪ್‌ನಲ್ಲಿ ಹೆಸರು ಕ್ಯಾನ್ವಾಸ್‌ನ ಮೇಲಿರುವ ಟ್ಯಾಬ್‌ನಲ್ಲಿರುತ್ತದೆ. ಉಳಿಸದ ಬದಲಾವಣೆಯಿದ್ದರೆ ಅಲ್ಲಿಯೇ ನಕ್ಷತ್ರದ ಗುರುತೂ ಕಾಣುತ್ತದೆ. ಟ್ಯಾಬ್ ಕಾಣದಿದ್ದರೆ ತಿಳಿಯದೆ ‘ಎಫ್’ ಒತ್ತಿ ಪೂರ್ಣಪರದೆಗೆ ಹೋಗಿರಬಹುದು. ಅದೇ ಕೀಲಿಯನ್ನು ಮತ್ತೆ ಒತ್ತುತ್ತ ಹೋದರೆ ಸಾಮಾನ್ಯ ನೋಟಕ್ಕೆ ಮರಳುತ್ತೀರಿ. ಲೈಟ್‌ರೂಮ್‌ನಿಂದ ಕಳುಹಿಸಿದ ಪ್ರತಿಯ ಹೆಸರಿಗೆ ‘ಎಡಿಟ್’ ಎಂಬುದು ಕೊನೆಯಲ್ಲಿ ಸೇರುತ್ತದೆಯೇ ಹೊರತು ಮೂಲ ಸಂಖ್ಯೆ ಬದಲಾಗುವುದಿಲ್ಲ.

ಮುದ್ರಣದ ಕುರಿತ ನಿಮ್ಮ ಆತಂಕಕ್ಕೆ ಕಾರಣವಿಲ್ಲ. ಪರದೆಯ ಮೇಲೆ ಕಾಣುವ ಈ ಸಾಲುಗಳು ಚಿತ್ರದ ಭಾಗವಲ್ಲ, ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲೂ ಬರುವುದಿಲ್ಲ. ಆಯ್ಕೆಗಾಗಿ ಮುದ್ರಿಸುವ ಸಣ್ಣ ಚಿತ್ರಗಳ ಹಾಳೆಯಲ್ಲಿ ಹೆಸರು ಬೇಕೆನಿಸಿದರೆ ಲೈಟ್‌ರೂಮ್‌ನ ಪ್ರಿಂಟ್ ಮಾಡ್ಯೂಲ್‌ನ ‘ಪೇಜ್’ ವಿಭಾಗದಲ್ಲಿ ‘ಫೋಟೊ ಇನ್ಫೊ’ಗೆ ಟಿಕ್ ಹಾಕಿ ‘ಫೈಲ್ ನೇಮ್’ ಆರಿಸಿದರೆ ಪ್ರತಿ ಚಿತ್ರದ ಕೆಳಗೆ ಹೆಸರು ಅಚ್ಚಾಗುತ್ತದೆ.