ಬಿಲ್ಲು ಬದಲಿಸಬೇಡಿ, ಮೊದಲು ಬಾಣ ನೋಡಿ

ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ಚಕ್ರವಿರುವ ಬಿಲ್ಲು) ಎಳೆತದ ಬಲವನ್ನು 45ರಿಂದ 55 ಪೌಂಡಿಗೆ ಏರಿಸಿದ ಮೇಲೆ 50 ಮೀಟರಿನಲ್ಲಿ ಬಾಣ ಚದುರುತ್ತಿದೆ, ಎರಡು ಲಕ್ಷದ ಹೊಸ ಬಿಲ್ಲು ತಗೊಳ್ಳಲಾ ಅಂತ ಕೇಳಿದ್ದೀರಿ. ತೊಂದರೆ ಬಹುಶಃ ಬಾಣದ ಸ್ಪೈನಿನಲ್ಲಿದೆ, ಅಂದರೆ ಬಾಣ ಎಷ್ಟು ಬಾಗುತ್ತದೆ ಅನ್ನೋ ಅಳತೆಯಲ್ಲಿ. ನಿಮ್ಮ 29 ಇಂಚಿನ 500 ಸ್ಪೈನ್ ಬಾಣ 55 ಪೌಂಡಿಗೆ ಜಾಸ್ತಿ ಬಾಗುತ್ತದೆ. ಸ್ಪೈನ್ ನಂಬರ್ ದೊಡ್ಡದಾದಷ್ಟೂ ಬಾಣ ಮೆದು, ಇಲ್ಲೇ ತುಂಬಾ ಜನ ಎಡವುತ್ತಾರೆ. ಕೆಂಗೇರಿ ಕಡೆ ಅಭ್ಯಾಸ ಮಾಡುವಾಗ ನನಗೂ ಹೀಗೇ ಆಗಿತ್ತು.

ಮೊದಲು ಖರ್ಚಿಲ್ಲದ ಪರೀಕ್ಷೆ. ಮೇಲಿನ, ಕೆಳಗಿನ ಲಿಂಬ್ (ಬಿಲ್ಲಿನ ಬಾಗುವ ತೋಳು) ಬಿಗಿಮಾಡುವ ಬೋಲ್ಟ್ ಎರಡನ್ನೂ ಸಮವಾಗಿ ಸಡಿಲಿಸಿ 47 ಪೌಂಡಿಗೆ ಇಳಿಸಿ. ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ಮೀರಬೇಡಿ. ಸೈಟ್ (ಗುರಿ ಹಿಡಿಯುವ ಸಾಧನ) ಸರಿಮಾಡಿಕೊಂಡು ಆರಾರು ಬಾಣ ಬಿಡಿ. ಬಾಣಗಳು ಒತ್ತಾಗಿ ಬಿದ್ದರೆ ಕಾರಣ ಬಹುಶಃ ಸ್ಪೈನೇ. 400 ಸ್ಪೈನಿನ ಎರಡು ಮೂರು ಬಾಣ ತಂದು 55 ಪೌಂಡಿನಲ್ಲಿ ನೋಡಿ, ಹೊಂದಿದರೆ ಡಜನ್ ತಗೊಳ್ಳಿ.

ಆಗಲೂ ಚದುರಿದರೆ ಕ್ಯಾಮ್ ಟೈಮಿಂಗ್, ಅಂದರೆ ತುದಿಯ ಎರಡು ಚಕ್ರಗಳು ಒಟ್ಟಿಗೆ ತಿರುಗೋದು, ತಪ್ಪಿರಬಹುದು. ನೀವು ನಿಧಾನವಾಗಿ ಎಳೆಯುವಾಗ ಎಳೆತವನ್ನು ಕೊನೆಯಲ್ಲಿ ತಡೆಯುವ ಎರಡೂ ಸ್ಟಾಪ್ ಒಟ್ಟಿಗೆ ತಾಗುತ್ತವಾ ಅಂತ ಪಕ್ಕದವರಿಗೆ ನೋಡಲು ಹೇಳಿ. ಬಾಣ ಏರಿಸಿ, ಗುರಿಯ ಕಡೆಗೇ ಎಳೆಯಿರಿ. ಬಾಣವಿಲ್ಲದೆ ಎಳೆದ ದಾರ ಕೈತಪ್ಪಿದರೆ ಲಿಂಬ್ ಸೀಳಿಹೋಗಬಹುದು. ಟೈಮಿಂಗ್ ಸರಿಮಾಡಲು ಬೋ ಪ್ರೆಸ್ (ಬಿಲ್ಲನ್ನು ಒತ್ತಿ ದಾರ ಸಡಿಲಿಸುವ ಸಾಧನ) ಬೇಕು, ಕೋಚ್ ಹತ್ತಿರವೇ ಮಾಡಿಸಿ.

ದುಬಾರಿ ಬಿಲ್ಲಿನಲ್ಲಿ ಮುಖ್ಯವಾಗಿ ಸಿಗೋದು ವೇಗ, ಕಮ್ಮಿ ನಡುಕ. ವೇಗ ಹೆಚ್ಚು ನೆರವಾಗೋದು ದೂರವನ್ನು ಅಂದಾಜು ಮಾಡಬೇಕಾದಾಗ. ದೂರ 50 ಮೀಟರ್ ಅಂತ ಗೊತ್ತೇ ಇರುವಾಗ ಆ ವೇಗಕ್ಕೆ ಎರಡು ಲಕ್ಷ ಸುಮ್ನೆ ಹಾಕಬೇಡಿ.