ಪ್ಯಾಕೇಜು, ತೇಪೆ, ಪರಿಷ್ಕರಣೆ: ಸರ್ವರ್ ನಿರ್ವಾಹಕರ ಪ್ರಶ್ನೆಗಳಿಗೆ ಉತ್ತರ

ಲಿನಕ್ಸ್ ಮತ್ತು ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಗಳ ಸರ್ವರ್‌ಗಳಲ್ಲಿ ಮುಕ್ತ ತಂತ್ರಾಂಶಗಳನ್ನು ಸ್ಥಾಪಿಸುವ, ಪರಿಷ್ಕರಿಸುವ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಆದೇಶಗಳ ಹೆಸರುಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.

ಪ್ರಶ್ನೆ: ನಮ್ಮ ಸಂಸ್ಥೆಯ ಸರ್ವರ್‌ನಲ್ಲಿ ಲಿನಕ್ಸ್ ವಿತರಣೆಯಾದ ಡೆಬಿಯನ್‌ನ ಸ್ಟೇಬಲ್ ಬಿಡುಗಡೆ ಇದೆ, ಭದ್ರತಾ ಪರಿಷ್ಕರಣೆಗಳನ್ನು ತಪ್ಪದೆ ಹಾಕುತ್ತೇವೆ. ಆದರೂ ತಪಾಸಣೆಗೆ ಬಂದವರು ವೆಬ್ ಸರ್ವರ್ ಅಪಾಚೆ, ಗೂಢಲಿಪಿಯ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಎರಡೂ ಹಳೆಯ ಆವೃತ್ತಿಗಳೆಂದು ವರದಿಯಲ್ಲಿ ಕೆಂಪು ಗುರುತು ಹಾಕಿ ಹೋಗಿದ್ದಾರೆ. ಮೂಲ ತಾಣದಿಂದ ಹೊಸ ಆವೃತ್ತಿಯನ್ನು ಇಳಿಸಿಕೊಂಡು ನಾವೇ ಕಂಪೈಲ್ ಮಾಡಿದರೆ ಆಗುತ್ತದೆಯೇ? (ಮೈಸೂರಿನ ಓದುಗರು)

ಉತ್ತರ: ಹಾಗೆ ಮಾಡಬೇಡಿ. ಡೆಬಿಯನ್‌ನ ಒಂದು ಬಿಡುಗಡೆ ಹೊರಬಂದ ದಿನವೇ ಅದರೊಳಗಿನ ಪ್ಯಾಕೇಜುಗಳ ಆವೃತ್ತಿಗಳು ಬಹುಮಟ್ಟಿಗೆ ಅಲ್ಲಿಗೇ ನಿಂತುಬಿಡುತ್ತವೆ. ಆಮೇಲೆ ಮೂಲ ಲೇಖಕರು ಯಾವುದಾದರೂ ಭದ್ರತಾ ದೋಷವನ್ನು ಸರಿಪಡಿಸಿದರೆ, ಡೆಬಿಯನ್‌ನವರು ಸಾಮಾನ್ಯವಾಗಿ ಅವರ ಹೊಸ ಆವೃತ್ತಿಯನ್ನು ಇಡಿಯಾಗಿ ತರದೆ, ಆ ದೋಷಕ್ಕೆ ಬೇಕಾದಷ್ಟೇ ತಿದ್ದುಪಡಿಯನ್ನು ಬಿಡಿಸಿಕೊಂಡು ಹಳೆಯ ಆವೃತ್ತಿಗೇ ತೇಪೆ ಹಾಕುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಮಾಡುವುದು ಎಂದು ಹೆಸರು. ದತ್ತಸಂಚಯ (ಡೇಟಾಬೇಸ್) ತಂತ್ರಾಂಶಗಳಾದ ಪೋಸ್ಟ್‌ಗ್ರೆಸ್, ಮರಿಯಾಡಿಬಿ, ಬ್ರೌಸರ್ ಆದ ಫೈರ್‌ಫಾಕ್ಸ್‌ನಂಥ ಕೆಲವಕ್ಕೆ ಮಾತ್ರ ಮೂಲದವರ ಸಣ್ಣ ಬಿಡುಗಡೆಗಳನ್ನೇ ನೇರವಾಗಿ ತರುವ ರೂಢಿಯಿದೆ.

2014ರ ಏಪ್ರಿಲ್ 7ರಂದು ಬಯಲಾದ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಇದಕ್ಕೆ ಒಳ್ಳೆಯ ಉದಾಹರಣೆ. ಮೂಲ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಆ ದೋಷ 1.0.1ಜಿ ಆವೃತ್ತಿಯಲ್ಲಿ ಸರಿಯಾಯಿತು. ಆಗಿನ ಡೆಬಿಯನ್ 7ರಲ್ಲಿದ್ದದ್ದು 1.0.1ಇ, ಡೆಬಿಯನ್ ಹೊರಡಿಸಿದ ಪರಿಹಾರದ ಹೆಸರು 1.0.1ಇ-2+ಡೆಬ್7ಯು5. ಮೊದಲ ಭಾಗವನ್ನಷ್ಟೇ ಓದಿದವರಿಗೆ ಅದು ದೋಷವಿದ್ದ 1.0.1ಇ ಆಗಿಯೇ ಕಂಡಿತು, ಆದರೆ ಪರಿಹಾರದ ಗುರುತಿದ್ದದ್ದು ಬಾಲದ ಯು5ರಲ್ಲಿ. ನಿಮ್ಮ ತಪಾಸಕರ ಉಪಕರಣವೂ ಬಹುಶಃ ತಲೆಯನ್ನು ನೋಡಿ ಬಾಲವನ್ನು ಬಿಟ್ಟಿದೆ. ವರದಿಯಲ್ಲಿರುವ ಸಿವಿಇ ಸಂಖ್ಯೆಗಳನ್ನು (ಪ್ರತಿ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಒಂದೊಂದಾಗಿ ಡೆಬಿಯನ್‌ನ ಸೆಕ್ಯುರಿಟಿ ಟ್ರ್ಯಾಕರ್‌ನಲ್ಲಿ ಹುಡುಕಿ, ಪ್ಯಾಕೇಜಿನ ಬದಲಾವಣೆಗಳ ದಾಖಲೆಯಾದ ಚೇಂಜ್‌ಲಾಗ್‌ನೊಂದಿಗೆ ಹೋಲಿಸಿ, ಯಾವುದು ಎಲ್ಲಿ ಸರಿಯಾಗಿದೆ ಎಂಬುದನ್ನು ಪಟ್ಟಿ ಮಾಡಿ ಕೊಡಿ. ನಿಜವಾಗಿಯೂ ಬಾಕಿ ಉಳಿದಿರುವುದು ಒಂದೋ ಎರಡೋ ಇದ್ದರೆ ಅದೂ ಆ ಪಟ್ಟಿಯಲ್ಲೇ ಎದ್ದು ಕಾಣುತ್ತದೆ.

ಇನ್ನೊಂದು ಮಾತು. ಪ್ಯಾಕೇಜು ಬದಲಾದ ಮಾತ್ರಕ್ಕೆ ಓಡುತ್ತಿರುವ ಸೇವೆ ಬದಲಾಗುವುದಿಲ್ಲ. ಅದು ಶುರುವಾದಾಗ ಹೊತ್ತುಕೊಂಡ ಹಳೆಯ ಲೈಬ್ರರಿಯನ್ನೇ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಯು5ರ ಬೆನ್ನಿಗೇ ಡೆಬಿಯನ್ ಯು6 ಅನ್ನು ಹೊರತಂದದ್ದು, ಯಾವ ಸೇವೆಗಳನ್ನು ಮರುಪ್ರಾರಂಭಿಸಬೇಕು ಎಂಬುದನ್ನು ಪರೀಕ್ಷಿಸುವ ವ್ಯವಸ್ಥೆಯನ್ನು ಸೇರಿಸುವುದಕ್ಕಾಗಿ. ಈಗ ಆ ಕೆಲಸಕ್ಕೆ ನೀಡ್‌ರೀಸ್ಟಾರ್ಟ್ ಎಂಬ ಪ್ಯಾಕೇಜಿದೆ, ಹಾಕಿಕೊಳ್ಳಿ. ನೀವೇ ಕಂಪೈಲ್ ಮಾಡಿದ ಅಪಾಚೆಗಾದರೋ ಮುಂದಿನ ದೋಷ ಬಂದಾಗ ತೇಪೆ ಹಾಕುವವರು ನೀವೊಬ್ಬರೇ. ನೀವು ರಜೆಯಲ್ಲಿದ್ದಾಗ ಯಾರು?

ಪ್ರಶ್ನೆ: ಫ್ರೀಬಿಎಸ್‌ಡಿಯಲ್ಲಿ ಪ್ಯಾಕೇಜು ನಿರ್ವಹಿಸುವ ಪಿಕೆಜಿಯ ಅಪ್‌ಗ್ರೇಡ್ ಆದೇಶ ಕೊಟ್ಟರೆ, ಹದಿನೈದು ಪ್ಯಾಕೇಜುಗಳನ್ನು ಮೇಲೇರಿಸುತ್ತೇನೆ, ಎರಡನ್ನು ತೆಗೆದುಹಾಕುತ್ತೇನೆ ಎನ್ನುತ್ತಿದೆ. ತೆಗೆಯುವ ಎರಡರಲ್ಲಿ ಒಂದು ನಮ್ಮ ಮೇಲ್ ಸರ್ವರ್! ಒಪ್ಪಲೇ? (ಬೆಂಗಳೂರಿನ ಓದುಗರು)

ಉತ್ತರ: ಒಪ್ಪಬೇಡಿ, ಎನ್ ಒತ್ತಿ ಹೊರಬನ್ನಿ. ನಾನೂ ಒಮ್ಮೆ ರಾತ್ರಿ ಹನ್ನೊಂದರ ಹೊತ್ತಿಗೆ ಪಟ್ಟಿಯನ್ನು ಓದದೆ ವೈ ಒತ್ತಿ, ಬೆಳಗಿನ ತನಕ ಅಂಚೆಯಿಲ್ಲದೆ ಕುಳಿತವನೇ. ಫ್ರೀಬಿಎಸ್‌ಡಿಯವರು ಈ ಬಾರಿ ಪ್ಯಾಕೇಜುಗಳನ್ನು ಕಟ್ಟಿದ ಸುತ್ತಿನಲ್ಲಿ ನಿಮ್ಮ ಮೇಲ್ ಸರ್ವರಿನದು ಸೋತಿರಬಹುದು. ಅದಕ್ಕೆ ಬೇಕಾದ ಲೈಬ್ರರಿ ಹೊಸದಾಯಿತು, ಆ ಲೈಬ್ರರಿಗೆ ಹೊಂದುವ ಮೇಲ್ ಸರ್ವರ್ ಮಾತ್ರ ಭಂಡಾರದಲ್ಲಿ ಇಲ್ಲ. ಹಾಗಾಗಿ ಪಿಕೆಜಿಗೆ ತೋಚಿದ ದಾರಿ ತೆಗೆದುಹಾಕುವುದು. ಕೆಲವು ದಿನ ಕಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಷ್ಟರಲ್ಲಿ ಉಳಿದವುಗಳ ಪೈಕಿ ಯಾವುದಕ್ಕೆ ತುರ್ತಿದೆ ಎಂಬುದನ್ನು ಪಿಕೆಜಿ ಆಡಿಟ್ ತೋರಿಸುತ್ತದೆ.

ನಿಮ್ಮ ಯಂತ್ರ ಯಾವ ಶಾಖೆಯಿಂದ ಪ್ಯಾಕೇಜು ತರುತ್ತಿದೆ ಎಂಬುದನ್ನೂ ನೋಡಿಕೊಳ್ಳಿ. 2014ರಿಂದ ಫ್ರೀಬಿಎಸ್‌ಡಿಯಲ್ಲಿ ತ್ರೈಮಾಸಿಕ ಶಾಖೆಗಳಿವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಹೊಸ ಶಾಖೆ ಕವಲೊಡೆಯುತ್ತದೆ, ನಡುವೆ ಮುಖ್ಯವಾಗಿ ಭದ್ರತೆಯ ಮತ್ತು ದೋಷ ನಿವಾರಣೆಯ ಬದಲಾವಣೆಗಳು ಮಾತ್ರ ಅದಕ್ಕೆ ಸೇರುತ್ತವೆ. ಸರ್ವರ್‌ಗೆ ಇದೇ ಸಾಕು. ಅರ್ಧವನ್ನು ಇಲ್ಲಿಂದ ತಂದು, ಇನ್ನರ್ಧವನ್ನು ಪೋರ್ಟ್ಸ್ ಮರದ (ಪ್ಯಾಕೇಜು ಕಟ್ಟುವ ವಿಧಾನಗಳ ಸಂಗ್ರಹ) ಇತ್ತೀಚಿನ ತುದಿಯಿಂದ ಕೈಯಾರೆ ಕಟ್ಟಿಕೊಳ್ಳುವವರು ಈ ತೊಂದರೆಯನ್ನು ತಾವೇ ಕರೆದು ಕೂರಿಸಿಕೊಳ್ಳುತ್ತಾರೆ. ಯಂತ್ರದಲ್ಲಿ ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಇದ್ದರೆ ಪರಿಷ್ಕರಣೆಗೆ ಮೊದಲು ಬಿಇಸಿಟಿಎಲ್‌ನಿಂದ ಬೂಟ್ ಪರಿಸರವೊಂದನ್ನು (ವ್ಯವಸ್ಥೆಯ ಆಗಿನ ಸ್ಥಿತಿಯ ಪ್ರತಿ) ಉಳಿಸಿಟ್ಟುಕೊಳ್ಳಿ, ಕೆಟ್ಟರೆ ಹಿಂದಕ್ಕೆ ಹೋಗಬಹುದು. ಆದರೆ ಎಚ್ಚರ: ದತ್ತಸಂಚಯದ ಕಡತಗಳನ್ನು ಬೇರೆ ಡೇಟಾಸೆಟ್‌ನಲ್ಲಿ (ಝಡ್‌ಎಫ್‌ಎಸ್‌ನ ಪ್ರತ್ಯೇಕ ವಿಭಾಗ) ಇಟ್ಟಿರದಿದ್ದರೆ ಅವೂ ಜೊತೆಗೇ ಹಿಂದಕ್ಕೆ ಹೋಗಿ, ನಡುವೆ ಸೇರಿದ ದಾಖಲೆಗಳು ಕಾಣೆಯಾಗುತ್ತವೆ.

ಪ್ರಶ್ನೆ: ನಮ್ಮ ಪುಟ್ಟ ತಂಡ ಬರೆದ ಮುಕ್ತ ಸರ್ವರ್ ತಂತ್ರಾಂಶವೊಂದಿದೆ. ಈವರೆಗೆ ಆಕರ ಸಂಕೇತವನ್ನು ಗಿಟ್ ಭಂಡಾರದಿಂದ ತಂದು, ಮೇಕ್ ಇನ್‌ಸ್ಟಾಲ್ ಆದೇಶ ಕೊಡಿ ಎಂದು ಬಳಕೆದಾರರಿಗೆ ಹೇಳುತ್ತಿದ್ದೆವು. ಫ್ರೀಬಿಎಸ್‌ಡಿ ಬಳಸುವವರು ಪೋರ್ಟ್ ಮಾಡಿಕೊಡಿ ಎಂದು ಕೇಳುತ್ತಿದ್ದಾರೆ. ಅದರಲ್ಲಿ ಏನೇನಿರಬೇಕು? (ಹುಬ್ಬಳ್ಳಿಯ ಎಂಜಿನಿಯರ್)

ಉತ್ತರ: ಪೋರ್ಟ್ ಎಂಬುದು ಅಡುಗೆಯಲ್ಲ, ಅಡುಗೆ ಮಾಡುವ ವಿಧಾನವನ್ನು ಬರೆದಿಟ್ಟ ಚೀಟಿ. ಜೋರ್ಡನ್ ಹಬರ್ಡ್ 1994ರಲ್ಲಿ ತಂತ್ರಾಂಶ ಕಟ್ಟುವ ಉಪಕರಣ ಮೇಕ್‌ನ ಕೆಲವು ಮ್ಯಾಕ್ರೋಗಳಾಗಿ ಇದನ್ನು ಶುರುಮಾಡಿದರು. ನೆಟ್‌ಬಿಎಸ್‌ಡಿಯ ಇಂಥದೇ ವ್ಯವಸ್ಥೆ ಪಿಕೆಜಿಸೋರ್ಸ್ 1997ರಲ್ಲಿ ಇದರಿಂದಲೇ ಕವಲಾಯಿತು. ಇಂದಿಗೂ ಒಂದು ಪೋರ್ಟ್ ಎಂದರೆ ಮೂರು ನಾಲ್ಕು ಚಿಕ್ಕ ಕಡತಗಳು. ಮೇಕ್‌ಫೈಲ್‌ನಲ್ಲಿ ಹೆಸರು, ಆವೃತ್ತಿ, ಆಕರ ಸಿಗುವ ಜಾಗ, ಅವಲಂಬನೆಗಳು, ಪೋಷಕರ ವಿಳಾಸ; ಡಿಸ್ಟ್‌ಇನ್ಫೋದಲ್ಲಿ ಆಕರ ಕಡತದ ಗಾತ್ರ ಮತ್ತು ಎಸ್‌ಎಚ್‌ಎ256 ಮೊತ್ತ (ಕಡತದ ಒಳಹುರುಳಿನಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ); ಒಂದು ವಿವರಣೆ; ಮತ್ತು ಸ್ಥಾಪನೆಯಾಗುವ ಪ್ರತಿಯೊಂದು ಕಡತದ ಪಟ್ಟಿ.

ನಿಮ್ಮಂಥವರು ಎಡವುವುದು ಕೊನೆಯ ಪಟ್ಟಿಯಲ್ಲಿ. ಮೇಕ್ ಇನ್‌ಸ್ಟಾಲ್ ಕಡತಗಳನ್ನು ಎಲ್ಲೆಲ್ಲೋ ಸುರಿದು ಹೋಗುತ್ತದೆ, ತೆಗೆಯುವಾಗ ಯಾವುದು ಯಾರದ್ದೆಂದು ಹೇಳುವವರಿಲ್ಲ. ಪೋರ್ಟ್ಸ್ ವ್ಯವಸ್ಥೆ ನಿಮ್ಮ ತಂತ್ರಾಂಶವನ್ನು ಮೊದಲು ಸ್ಟೇಜ್ ಎಂಬ ಪ್ರತ್ಯೇಕ ಫೋಲ್ಡರಿನಲ್ಲಿ ಸ್ಥಾಪಿಸಿ, ಅಲ್ಲಿ ಬಿದ್ದ ಕಡತಗಳನ್ನು ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಆದ್ದರಿಂದ ನಿಮ್ಮ ಮೇಕ್‌ಫೈಲ್ ಎಲ್ಲಿ ಸ್ಥಾಪಿಸಬೇಕೆಂದು ಹೇಳುವ ಡೆಸ್ಟ್‌ಡಿರ್ ಎಂಬ ಚರವನ್ನು ಗೌರವಿಸಬೇಕು. ಸಂರಚನಾ ಕಡತವನ್ನು ಸ್ಯಾಂಪಲ್ ಎಂಬ ಬಾಲ ಸೇರಿಸಿ ಕೊಡಿ; ಬಳಕೆದಾರರು ಬದಲಿಸಿದ ಪ್ರತಿಯನ್ನು ಪಿಕೆಜಿ ಆಗ ಮುಟ್ಟುವುದಿಲ್ಲ. ಸೇವೆಯನ್ನು ಎಬ್ಬಿಸಲು ಆರ್‌ಸಿ ಸ್ಕ್ರಿಪ್ಟ್ ಒಂದು ಬೇಕು, ಮತ್ತು ಅದು ರೂಟ್ ಆಗಿ ಓಡದೆ ತನ್ನದೇ ಬಳಕೆದಾರನ ಹೆಸರಿನಲ್ಲಿ ಓಡಬೇಕು. ನಿಮ್ಮ ಆಕರದೊಳಗೆ ಬೇರೆಯವರ ಲೈಬ್ರರಿಯ ನಕಲನ್ನು ತುಂಬಿಕೊಂಡಿದ್ದರೆ ತೆಗೆಯಿರಿ: ಆ ಲೈಬ್ರರಿಯಲ್ಲಿ ದೋಷ ಸಿಕ್ಕಿದ ದಿನ ಎಲ್ಲರ ಪ್ಯಾಕೇಜುಗಳೂ ಸರಿಯಾಗಿ, ನಿಮ್ಮದೊಂದು ಸದ್ದಿಲ್ಲದೆ ಹಾಗೆಯೇ ಉಳಿಯುತ್ತದೆ.

ಕಟ್ಟಿ ನೋಡುವುದನ್ನು ನಿಮ್ಮ ಸ್ವಂತ ಯಂತ್ರದಲ್ಲಿ ಮಾಡಬೇಡಿ. ಅಲ್ಲಿ ಎಂದೋ ಹಾಕಿಕೊಂಡ ಹತ್ತಾರು ಲೈಬ್ರರಿಗಳು ಬಿಟ್ಟುಹೋದ ಅವಲಂಬನೆಯನ್ನು ಮರೆಮಾಚುತ್ತವೆ. ಪೋರ್ಟ್‌ಗಳನ್ನು ಕಟ್ಟಿ ಪರೀಕ್ಷಿಸುವ ಉಪಕರಣ ಪುಡ್ರಿಯೇರ್ ಪ್ರತಿ ಬಾರಿಯೂ ಖಾಲಿ ಜೈಲಿನೊಳಗೆ (ಯಂತ್ರದ ಉಳಿದ ಭಾಗದಿಂದ ಬೇರ್ಪಟ್ಟ ಆವರಣ) ಕಟ್ಟುವುದರಿಂದ ಅಂಥ ತಪ್ಪು ತಕ್ಷಣ ಹೊರಬೀಳುತ್ತದೆ. ಆವೃತ್ತಿ ಬದಲಾಗದೆ ಪೋರ್ಟ್ ಮಾತ್ರ ತಿದ್ದಿದರೆ ಮೇಕ್‌ಫೈಲ್‌ನ ಪೋರ್ಟ್‌ರಿವಿಜನ್ ಸಂಖ್ಯೆಯನ್ನು ಏರಿಸಿ. ಆವೃತ್ತಿಯನ್ನು ಹಿಂದಕ್ಕೆ ತರಬೇಕಾಗಿ ಬಂದರೆ ಪೋರ್ಟ್‌ಇಪಾಕ್ ಇದೆ. ಒಮ್ಮೆ ಅದನ್ನು ಏರಿಸಿದರೆ ಇಳಿಸುವಂತಿಲ್ಲವಾದ್ದರಿಂದ ಯೋಚಿಸಿ ಬಳಸಿ.

ಡಿಸ್ಟ್‌ಇನ್ಫೋ ಬಗ್ಗೆ ಒಂದು ತಪ್ಪು ನಂಬಿಕೆಯಿದೆ. ಮೊತ್ತ ತಾಳೆಯಾಯಿತೆಂದರೆ ಪೋಷಕರು ಕಂಡ ಕಡತವೇ ಬಳಕೆದಾರರಿಗೂ ಸಿಕ್ಕಿತು ಎಂದಷ್ಟೇ ಅರ್ಥ; ಕಡತ ಒಳ್ಳೆಯದೆಂದು ಅರ್ಥವಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಬಯಲಿಗೆಳೆದ ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ಹಿಂಬಾಗಿಲಿನಲ್ಲಿ (ಕದ್ದು ಒಳನುಗ್ಗಲು ಅಡಗಿಸಿಟ್ಟ ದಾರಿ), ದುಷ್ಟ ಸಂಕೇತಕ್ಕೆ ಜೀವ ಕೊಡುವ ತುಣುಕು ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, 5.6.0 ಮತ್ತು 5.6.1ರ ಬಿಡುಗಡೆಯ ಟಾರ್ ಕಡತಗಳಲ್ಲಿ (ಆಕರವನ್ನೆಲ್ಲ ಒಟ್ಟಾಗಿ ಕಟ್ಟಿದ ಕಡತ) ಮಾತ್ರ ಇತ್ತು. ಆಗ ಡೆಬಿಯನ್ ತನ್ನ ಅನ್‌ಸ್ಟೇಬಲ್ ಎಂಬ ಶಾಖೆಯ ಪ್ಯಾಕೇಜನ್ನು ಹಿಂದಕ್ಕೆ ತಂದು ಇಟ್ಟ ಹೆಸರು 5.6.1+ರಿಯಲಿ5.4.5-1. ಸಂಖ್ಯೆ ಇಳಿದರೆ ಯಾರ ಯಂತ್ರವೂ ಅದನ್ನು ಪರಿಷ್ಕರಣೆಯೆಂದು ಸ್ವೀಕರಿಸುತ್ತಿರಲಿಲ್ಲ. ಅದಕ್ಕಾಗಿ ಮುಖವಾಡವಾಗಿ ಮುಂದೆ ದೊಡ್ಡ ಸಂಖ್ಯೆ, ಒಳಗೆ "ನಿಜವಾಗಿ" ಹಳೆಯದು. ನೀವು ಬಿಡುಗಡೆ ಮಾಡುವ ಟಾರ್ ಕಡತವನ್ನು ಗಿಟ್‌ನ ಗುರುತಿನಿಂದ ಯಾರು ಬೇಕಾದರೂ ಮತ್ತೆ ಹುಟ್ಟಿಸಿಕೊಳ್ಳುವಂತೆ ಇಡಿ.

ತೇಪೆಗಳ ವಿಷಯದಲ್ಲೂ ಪ್ಯಾಕೇಜು ಕಟ್ಟುವವರ ಜೊತೆ ಮಾತುಕತೆ ಇರಲಿ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ವಾಲ್‌ಗ್ರೈಂಡ್ ಎಂಬ ಉಪಕರಣದ ಎಚ್ಚರಿಕೆಗಳನ್ನು ಅಡಗಿಸಲು ಒಂದೆರಡು ಸಾಲುಗಳನ್ನು ತೆಗೆದದ್ದರಿಂದ, ಯಾದೃಚ್ಛಿಕ ಸಂಖ್ಯೆಗೆ ಪ್ರೋಸೆಸ್ ಸಂಖ್ಯೆಯೊಂದೇ (ಓಡುವ ಪ್ರತಿ ಕ್ರಮವಿಧಿಗೆ ಕೊಡುವ ಸಂಖ್ಯೆ) ಮೂಲವಾಗಿ ಉಳಿಯಿತು. ಅದರ ಗರಿಷ್ಠ ಮಿತಿ 32,768, ಹಾಗಾಗಿ ಅದರಿಂದ ಹುಟ್ಟಿದ ಕೀಲಿಗಳನ್ನು ಊಹಿಸುವುದು ಸುಲಭ. ಲೂಚಿಯಾನೊ ಬೆಲ್ಲೊ ಕಂಡುಹಿಡಿದ ಈ ದೋಷ 2008ರ ಮೇ 13ರಂದು ಪ್ರಕಟವಾದಾಗ, ಆ ನಡುವೆ ಡೆಬಿಯನ್, ಉಬುಂಟುಗಳಲ್ಲಿ ಹುಟ್ಟಿದ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳನ್ನೆಲ್ಲ ಬಿಸಾಡಿ ಹೊಸದು ಮಾಡಿಕೊಳ್ಳಬೇಕಾಯಿತು. ನಿಮ್ಮ ಸಂಕೇತದಲ್ಲಿ ವಿಚಿತ್ರವಾಗಿ ಕಾಣುವ ಆದರೆ ಬೇಕೇಬೇಕಾದ ಸಾಲಿದ್ದರೆ, ಏಕೆ ಬೇಕೆಂದು ಪಕ್ಕದಲ್ಲೇ ಬರೆದಿಡಿ.

ಪ್ರಶ್ನೆ: ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಇದೆ. ಓದುಗರ ಹುಡುಕಾಟ ಪುಟದಲ್ಲಿ ಕನ್ನಡ ಶೀರ್ಷಿಕೆಗಳು ಬರಲೆಂದು ಅದರ ಟೆಂಪ್ಲೇಟ್ ಕಡತಗಳನ್ನು ತಿದ್ದಿದ್ದೆವು. ಮೊನ್ನೆ ಡೆಬಿಯನ್‌ನ ಪ್ಯಾಕೇಜು ಉಪಕರಣ ಆಪ್ಟ್‌ನಿಂದ ಅಪ್‌ಗ್ರೇಡ್ ಆದ ಮೇಲೆ ಎಲ್ಲವೂ ಇಂಗ್ಲಿಷಿಗೆ ಮರಳಿವೆ. ಮತ್ತೆ ಮತ್ತೆ ತಿದ್ದುವುದೇ ಗತಿಯೇ? (ಶಿವಮೊಗ್ಗದ ಗ್ರಂಥಪಾಲಕರು)

ಉತ್ತರ: ಅಲ್ಲ. ಡೆಬಿಯನ್‌ನಲ್ಲಿ ಯುಎಸ್‌ಆರ್ ಫೋಲ್ಡರಿನ ಕೆಳಗಿನ ಕಡತಗಳು ಪ್ಯಾಕೇಜಿನ ಸ್ವತ್ತು, ಪರಿಷ್ಕರಣೆ ಬಂದಾಗ ನಿಮ್ಮನ್ನು ಕೇಳದೆ ಬದಲಾಗುತ್ತವೆ. ಇಟಿಸಿ ಫೋಲ್ಡರಿನಲ್ಲಿ ಕಾನ್ಫ್‌ಫೈಲ್ (ಸಂರಚನಾ ಕಡತ) ಎಂದು ಗುರುತಾದವು ನಿಮ್ಮ ಸ್ವತ್ತು. ನೀವು ತಿದ್ದಿದ್ದರೆ, ಹೊಸ ಪ್ಯಾಕೇಜಿನಲ್ಲೂ ಅದು ಬದಲಾಗಿದ್ದರೆ, ಪ್ಯಾಕೇಜು ಹಾಕುವ ಡಿಪಿಕೆಜಿ ನಿಂತು ಕೇಳುತ್ತದೆ. ನೀವು ಬಾಡಿಗೆ ಮನೆಯ ಗೋಡೆ ಒಡೆದು ಕಪಾಟು ಕೂರಿಸಿದಂತಾಗಿದೆ.

ಕೋಹಾದಲ್ಲಿ ಇದಕ್ಕೆ ಸರಿಯಾದ ಜಾಗಗಳಿವೆ. ಕನ್ನಡ ಅನುವಾದದ ಕಡತಗಳು ಅದರಲ್ಲೇ ಇದ್ದು, ಕೋಹಾ-ಟ್ರಾನ್ಸ್‌ಲೇಟ್ ಆದೇಶದಿಂದ ಅವನ್ನು ಸ್ಥಾಪಿಸಬಹುದು. ಅನುವಾದವಾಗದೆ ಉಳಿದ ಸಾಲುಗಳಿದ್ದರೆ ಅವನ್ನು ಕೋಹಾದ ಅನುವಾದ ಯೋಜನೆಗೇ ಮಾಡಿಕೊಟ್ಟರೆ ಬೇರೆ ಗ್ರಂಥಾಲಯಗಳಿಗೂ ಸಿಗುತ್ತದೆ. ರೂಪದ ಬದಲಾವಣೆಗಳನ್ನು ಸಿಸ್ಟಂ ಪ್ರಿಫರೆನ್ಸ್‌ಗಳ ಓಪ್ಯಾಕ್‌ಯೂಸರ್‌ಸಿಎಸ್‌ಎಸ್, ಓಪ್ಯಾಕ್‌ಯೂಸರ್‌ಜೆಎಸ್‌ಗಳಲ್ಲಿ ಬರೆಯಿರಿ. ಅವು ದತ್ತಸಂಚಯದಲ್ಲಿ ಉಳಿಯುವುದರಿಂದ ಪರಿಷ್ಕರಣೆ ಅವುಗಳ ಗೊಡವೆಗೆ ಹೋಗುವುದಿಲ್ಲ.

ಆಪ್ಟ್‌ನ ಭಂಡಾರದ ಸಾಲಿನಲ್ಲಿ ಸ್ಟೇಬಲ್ ಎಂದು ಬರೆದಿದೆಯೇ ನೋಡಿ. ಕೋಹಾದ ದೊಡ್ಡ ಬಿಡುಗಡೆಗಳು ಮೇ ಮತ್ತು ನವೆಂಬರ್‌ನಲ್ಲಿ ಬರುತ್ತವೆ, ಸ್ಟೇಬಲ್ ಎಂಬ ಹೆಸರು ಅವುಗಳ ಹಿಂದೆಯೇ ಮುಂದಕ್ಕೆ ಸರಿಯುತ್ತದೆ. ಪರೀಕ್ಷೆಯ ದಿನಗಳಲ್ಲಿ ತಾನಾಗಿ ದೊಡ್ಡ ಬಿಡುಗಡೆಗೆ ಜಿಗಿಯುವುದು ಬೇಡವೆಂದರೆ 24.11ರಂತೆ ಸಂಖ್ಯೆಯನ್ನೇ ಬರೆಯಿರಿ, ಮತ್ತು ಆ ಸಂಖ್ಯೆಗೆ ಬೆಂಬಲ ಮುಗಿಯುವ ಮೊದಲು ರಜೆಯಲ್ಲಿ ನೀವೇ ಬದಲಿಸಿ. ಪರಿಷ್ಕರಣೆಯ ಜೊತೆಗೆ ದತ್ತಸಂಚಯದ ರಚನೆಯೂ ಬದಲಾಗುತ್ತದೆ, ಹಳೆಯ ಪ್ಯಾಕೇಜನ್ನು ಮರಳಿ ಹಾಕಿದರೆ ಅದು ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲು ಕೋಹಾ-ಡಂಪ್ ತೆಗೆದು ಆ ಪ್ರತಿಯನ್ನು ಬೇರೆ ಯಂತ್ರಕ್ಕೆ ಸಾಗಿಸಿ, ಅಲ್ಲಿ ಒಮ್ಮೆ ಪರಿಷ್ಕರಿಸಿ ನೋಡಿ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಪೋಸ್ಟ್‌ಗ್ರೆಸ್ ದತ್ತಸಂಚಯವನ್ನು ಡೆಬಿಯನ್ 9ರ ಯಂತ್ರದಿಂದ ಡೆಬಿಯನ್ 11ಕ್ಕೆ, ಡೇಟಾ ಫೋಲ್ಡರನ್ನೇ ನಕಲು ಮಾಡಿ ಸಾಗಿಸಿದೆವು. ಪೋಸ್ಟ್‌ಗ್ರೆಸ್ ಆವೃತ್ತಿ ಎರಡರಲ್ಲೂ ಒಂದೇ. ಆದರೆ 1-1, 12-4ರಂತೆ ಅಡ್ಡಗೆರೆಯಿರುವ ಕೆಲವು ಸದಸ್ಯ ಸಂಖ್ಯೆಗಳು ಹುಡುಕಿದರೆ ಸಿಗುವುದಿಲ್ಲ, ಇಡೀ ಪಟ್ಟಿ ತೆರೆದರೆ ಮಾತ್ರ ಕಾಣುತ್ತವೆ. (ಶಿರಸಿಯ ಓದುಗರು)

ಉತ್ತರ: ಪೋಸ್ಟ್‌ಗ್ರೆಸ್ ಬದಲಾಗದಿದ್ದರೂ ಅದರ ಅಡಿಯಲ್ಲಿರುವ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ ಬದಲಾಗಿದೆ. ಪಠ್ಯವನ್ನು ಯಾವ ಅನುಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಜಿಲಿಬ್‌ಸಿಯನ್ನು ಕೇಳಿ ತಿಳಿಯುತ್ತದೆ, ಮತ್ತು 2018ರಲ್ಲಿ ಬಂದ ಜಿಲಿಬ್‌ಸಿ 2.28 ಆ ಅನುಕ್ರಮವನ್ನೇ ಬದಲಿಸಿತು. ಡೆಬಿಯನ್‌ಗೆ ಅದು ಬಂದದ್ದು 10ನೆಯ ಬಿಡುಗಡೆಯಲ್ಲಿ. ಹಳೆಯ ಯಂತ್ರದಲ್ಲಿ ಅಮೆರಿಕನ್ ಇಂಗ್ಲಿಷ್ ಲೊಕೇಲ್ (ಭಾಷೆ-ಪ್ರದೇಶದ ಆಯ್ಕೆ) ಇಟ್ಟು ಸಾರ್ಟ್ ಆದೇಶಕ್ಕೆ "1-1" ಮತ್ತು "11" ಕೊಟ್ಟರೆ 11 ಮೊದಲು ಬರುತ್ತದೆ. ಹೊಸದರಲ್ಲಿ 1-1 ಮೊದಲು. ನಿಮ್ಮ ಇಂಡೆಕ್ಸ್‌ಗಳು (ಬೇಗ ಹುಡುಕಲು ಜೋಡಿಸಿಟ್ಟ ಸೂಚಿಗಳು) ಹಳೆಯ ಅನುಕ್ರಮದಲ್ಲಿ ಕಟ್ಟಿದವು, ಹುಡುಕುವವನು ಹೊಸ ಅನುಕ್ರಮದಲ್ಲಿ ಹುಡುಕುತ್ತಾನೆ, ದಾಖಲೆ ಇದ್ದರೂ ತಪ್ಪು ಕೊಂಬೆಗೆ ಹೋಗಿ ಬರಿಗೈಯಲ್ಲಿ ಮರಳುತ್ತಾನೆ. ಇದಕ್ಕಿಂತ ಕೆಟ್ಟದ್ದೆಂದರೆ, ಯುನೀಕ್ (ಪುನರಾವರ್ತನೆ ಸಲ್ಲದ್ದು) ಎಂದು ಘೋಷಿಸಿದ ಅಂಕಣದಲ್ಲೂ ಒಂದೇ ಸಂಖ್ಯೆ ಎರಡು ಬಾರಿ ನುಸುಳಿರಬಹುದು.

ಹೊಸ ಸದಸ್ಯರ ನೋಂದಣಿಯನ್ನು ಇಂದೇ ನಿಲ್ಲಿಸಿ, ಬ್ಯಾಕಪ್ ತೆಗೆದುಕೊಂಡು, ಪಠ್ಯದ ಅಂಕಣಗಳ ಮೇಲಿರುವ ಇಂಡೆಕ್ಸ್‌ಗಳನ್ನೆಲ್ಲ ರೀಇಂಡೆಕ್ಸ್ ಮಾಡಿ (ಹೊಸದಾಗಿ ಕಟ್ಟಿ). ಯುನೀಕ್ ಇಂಡೆಕ್ಸ್ ಕಟ್ಟುವಾಗ ಅದು ನಿರಾಕರಿಸಿದರೆ ಅಲ್ಲಿ ನಕಲಿದೆ ಎಂದು ತಿಳಿಯಿರಿ. ಸಂಘದ ಕಾಗದದ ಪುಸ್ತಕ ತೆಗೆದು, ಯಾವ ದಾಖಲೆ ಸರಿಯೆಂದು ಕೈಯಾರೆ ನಿರ್ಧರಿಸಬೇಕಾಗುತ್ತದೆ. ಮುಂದೆ ಯಂತ್ರ ಬದಲಿಸುವಾಗ ಡೇಟಾ ಫೋಲ್ಡರನ್ನು ನಕಲು ಮಾಡದೆ ಪಿಜಿ-ಡಂಪ್‌ನಿಂದ ತೆಗೆದು ಹೊಸದರಲ್ಲಿ ತುಂಬಿ, ಆಗ ಇಂಡೆಕ್ಸ್‌ಗಳು ಅಲ್ಲಿಯ ಅನುಕ್ರಮದಲ್ಲೇ ಹುಟ್ಟುತ್ತವೆ. ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ದತ್ತಸಂಚಯ ತನ್ನ ಅನುಕ್ರಮದ ಆವೃತ್ತಿಯನ್ನು ನೆನಪಿಟ್ಟುಕೊಂಡು, ಹೊಂದದಿದ್ದರೆ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ಅಡಗಿಸುವ ರಿಫ್ರೆಶ್ ಆದೇಶವನ್ನು ರೀಇಂಡೆಕ್ಸ್ ಆದ ಮೇಲೆ ಕೊಡಿ, ಮೊದಲೇ ಕೊಡಬೇಡಿ.